ಕರಪತ್ರದ ಕೆಳಗಿನ ಸಾಲು

ಪವಿತ್ರಾಳಿಗೆ ಸಿಟ್ಟು ಬಂದರೆ ಮೊದಲು ಮೂಗಿನ ತುದಿ ಕೆಂಪಾಗುತ್ತದೆ ಎಂದು ಅವಳ ಅವ್ವ ಚಿಕ್ಕಬೀರಮ್ಮ ಹೇಳುತ್ತಿದ್ದಳು. ಆ ಮಂಗಳವಾರ ಮಧ್ಯಾಹ್ನ ಬಂದ ಸಿಟ್ಟು ಮೂಗಿನ ತುದಿಯಲ್ಲಿ ನಿಲ್ಲುವ ಜಾತಿಯದಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಉರಿದು, ಆಮೇಲೆ ನಾಲ್ಕು ದಿನ ಆರದೆ ಉಳಿದ ಸಿಟ್ಟು. ಯಾರಿಗಾದರೂ ಅಷ್ಟು ಬರಬೇಕಾದದ್ದೇ.

ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಷಣ್ಮುಖಪ್ಪನ ಕಾರ್ತಿಕೇಯ ಗ್ರಾಫಿಕ್ಸ್ ಇತ್ತು. ಮುಂದುಗಡೆ ಗಾಜಿನ ಬಾಗಿಲಿನ ಕಂಪ್ಯೂಟರ್ ಕೋಣೆ. ಧೂಳು ನುಗ್ಗಬಾರದೆಂದು ಆ ಬಾಗಿಲು ಸದಾ ಮುಚ್ಚಿರಬೇಕು. ಹಿಂದುಗಡೆ ಆಫ್‌ಸೆಟ್ ಮೆಷಿನ್ನು, ಅದರ ಮುಂದೆ ಶಾಯಿ ಮೆತ್ತಿದ ಬನಿಯನ್ನಿನ ಕುಳ್ಳಯ್ಯ. ಕಂಪಲಾಪುರದ ಆಚೆ ಒಂದು ಕೊಪ್ಪಲಿನಿಂದ ಪವಿತ್ರಾ ಐದು ವರ್ಷದಿಂದ ಬಸ್ಸಿನಲ್ಲಿ ಬಂದು ಆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಮದುವೆ ಕಾಗದ, ತಿಥಿ ಕಾಗದ, ಬಿಲ್ಲು ಪುಸ್ತಕ, ಏನು ಬಂದರೂ ಅವಳ ಬೆರಳಿನಿಂದಲೇ ಆಗಬೇಕು. ಷಣ್ಮುಖಪ್ಪ ಹೆಸರಿಗೆ ಮಾಲೀಕ. ಒಂದು ಬೆರಳಿನಲ್ಲಿ ಕೀಲಿ ಹುಡುಕಿ ಹುಡುಕಿ ಒತ್ತಿ, ಪ್ರತಿ ವಾಕ್ಯದ ಕೊನೆಗೂ ಮೂರು ಆಶ್ಚರ್ಯಸೂಚಕ ಹಾಕದಿದ್ದರೆ ಆ ಮನುಷ್ಯನಿಗೆ ಸಮಾಧಾನವಿಲ್ಲ.

ಆದರೆ ಸೇರಿದ ಮೊದಲನೇ ದಿನ ಅವನು ಒಂದು ಪಾಠ ಹೇಳಿಕೊಟ್ಟಿದ್ದ. ಅದನ್ನು ಒಪ್ಪಿಕೊಳ್ಳಲೇಬೇಕು.

"ನೋಡಮ್ಮ, ನಮ್ ಪ್ರೆಸ್ಸಿಂದ ಒಂದು ಚೀಟಿ ಆಚೆ ಹೋದ್ರೂ ಕೆಳಗೆ ಮುದ್ರಿಸಿದೋರ ಹೆಸರು ಇರ್ಬೇಕು. ಎಲೆಕ್ಷನ್ ಕರಪತ್ರ ಆದ್ರೆ ಮಾಡಿಸಿದೋರ ಹೆಸರು, ಎಷ್ಟು ಪ್ರತಿ ಅನ್ನೋದೂ ಇರ್ಬೇಕು. ಹೆಸರಿಲ್ಲದ ಕಾಗದ, ಅಪ್ಪ ಇಲ್ಲದ ಕೂಸು, ಎರಡೂ ಒಂದೇ."

ಎರಡು ಸಾವಿರದ ಐದರ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಒಂದೇ ಊರಿನ ಒಂದೇ ವಾರ್ಡಿನ ಇಬ್ಬರು ಎದುರಾಳಿಗಳ ಕರಪತ್ರವೂ ಒಂದೇ ಕಂಪ್ಯೂಟರಿನಲ್ಲಿ ತಯಾರಾಗಬೇಕು. ಪ್ರೂಫು ನೋಡಲು ಬಂದವರು ಸುಮ್ಮನೆ ತಮ್ಮದನ್ನು ನೋಡಿಕೊಂಡು ಹೋಗುತ್ತಾರೆಯೇ? ಪರದೆಯ ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ಕೂತ ಹೆಸರುಗಳ ಮೇಲೆ ಕಣ್ಣು ಹಾಕಿ, "ಅದ್ಯಾವ್ದು, ನಮ್ಮೂರ್ದಲ್ವಾ? ತೆಗೀರಿ ನೋಡಾನ" ಎನ್ನುತ್ತಿದ್ದರು. ಒಮ್ಮೆ ಎರಡು ಕಡೆಯವರು ಅಂಗಡಿಯಲ್ಲೇ ಕೈ ಕೈ ಮಿಲಾಯಿಸಿದರು. ಗಾಜಿನ ಬಾಗಿಲಿಗೆ ಬಿರುಕು ಬಿತ್ತು.

ಅದಕ್ಕೆ ಉಪಾಯ ಹುಡುಕಿದವಳು ಪವಿತ್ರಾಳೇ. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದಿದ್ದ ಸೀಡಿಯಲ್ಲಿ ಒಂದು ಪುಟ್ಟ ಸಾಫ್ಟ್‌ವೇರ್ ಇತ್ತು. ಅದನ್ನು ಹಾಕಿಕೊಂಡರೆ ಒಂದು ಕೀಲಿ ಒತ್ತಿದ ಕೂಡಲೇ ಎದುರಿಗಿದ್ದ ವಿಂಡೋ ಮಾಯ. ಪರದೆಯ ಮೇಲೂ ಇಲ್ಲ, ಕೆಳಗಿನ ಪಟ್ಟಿಯಲ್ಲೂ ಇಲ್ಲ. ಕೆಲಸ ಮಾತ್ರ ಒಳಗೆ ಹಾಗೆಯೇ ಜೀವಂತ. ಇನ್ನೊಂದು ಕೀಲಿ ಒತ್ತಿದರೆ ಬಿಟ್ಟಲ್ಲಿಂದಲೇ ವಾಪಸ್ಸು. ಯಾರಿಗೂ ತೋರಬಾರದ್ದಿದ್ದರೆ ಗುಟ್ಟಿನ ಪದ ಕೊಟ್ಟು ಅಡಗಿಸಬಹುದು. ಆ ಪದ ಗೊತ್ತಿಲ್ಲದವರಿಗೆ ಅದು ಇದೆ ಎನ್ನುವುದೇ ತಿಳಿಯುವುದಿಲ್ಲ. ಗಡಿಯಾರದ ಪಕ್ಕ ಒಂದು ಚಿಕ್ಕ ಚಿತ್ರ ಕೂತಿರುತ್ತದೆ, ಅಷ್ಟೇ. ಪವಿತ್ರಾ ಇದನ್ನೆಲ್ಲ ಷಣ್ಮುಖಪ್ಪನಿಗೆ ಒಂದು ವಾರ ಕೂತು ಕಲಿಸಿದಳು. ಹಾವೂ ಸಾಯದೆ ಕೋಲೂ ಮುರಿಯದೆ ಎರಡು ಕಡೆಯ ಗಿರಾಕಿಯೂ ಉಳಿದರೆಂದು ಅವನು ಅವಳನ್ನು ಹೊಗಳಿದ್ದೇ ಹೊಗಳಿದ್ದು. ಆ ಹೊಗಳಿಕೆಗೆ ಅವಳು ಉಬ್ಬಿದ್ದೂ ನಿಜ. ಕಳ್ಳನ ಕೈಗೆ ಬೀಗದ ಕೈ ಕೊಟ್ಟೆನೆಂದು ಆಗ ಅವಳಿಗೇನು ಗೊತ್ತು?

ಅದೇ ಚುನಾವಣೆಯಲ್ಲಿ ಅವರ ಕೊಪ್ಪಲಿನ ಮಹಿಳಾ ಸ್ಥಾನಕ್ಕೆ ಚಿಕ್ಕಬೀರಮ್ಮ ನಿಂತಿದ್ದಳು. ಕೆಳಗೇರಿಗೆ ನಲ್ಲಿ ಬರಬೇಕು ಅನ್ನುವುದೊಂದೇ ಅವಳ ಹಟ. ಎದುರಿಗೆ ನಿಂತವಳು ಭಾಗ್ಯಮ್ಮ. ನಿಂತವಳು ಭಾಗ್ಯಮ್ಮ ಎನ್ನುವುದು ಬರೀ ಮಾತಿಗೆ. ಅವಳ ಕರಪತ್ರವನ್ನೂ ಪವಿತ್ರಾಳೇ ಮಾಡಿದ್ದಳು. ಅದರಲ್ಲಿ ಗಂಡ ಕಂಠಪ್ಪನ ಫೋಟೋ ಅಂಗೈಯಷ್ಟು, ಅಭ್ಯರ್ಥಿಯ ಫೋಟೋ ಹೆಬ್ಬೆಟ್ಟಿನಷ್ಟು. ಅವ್ವನ ಎದುರಾಳಿಯದೆಂದು ಪವಿತ್ರಾ ಒಂದಕ್ಷರವನ್ನೂ ಓರೆ ಮಾಡಿರಲಿಲ್ಲ. ಕೆಲಸ ಕೆಲಸವೇ.

ಸೋಮವಾರದಿಂದ ಷಣ್ಮುಖಪ್ಪ ಒಂದು ಹೊಸ ರಾಗ ತೆಗೆದಿದ್ದ. "ಕಂಪ್ಯೂಟರ್ ಆಫ್ ಮಾಡ್ಬೇಡಮ್ಮ. ದಿನಾ ಆಫ್ ಮಾಡಿ ಆನ್ ಮಾಡಿದ್ರೆ ಬೇಗ ಹಾಳಾಗುತ್ತಂತೆ." ಇದನ್ನು ಯಾವ ಪುಣ್ಯಾತ್ಮ ಹೇಳಿದನೋ ಎಂದುಕೊಂಡು ಅವಳು ಸುಮ್ಮನಾಗಿದ್ದಳು.

ಮಂಗಳವಾರ ಮಧ್ಯಾಹ್ನ ಮಾಲೀಕ ಊಟಕ್ಕೆ ಹೋಗಿದ್ದಾಗ ಕರೆಂಟು ಹೋಯಿತು. ಯುಪಿಎಸ್ಸು ಕಿಂಯ್ ಕಿಂಯ್ ಎಂದು ಬಡಿದುಕೊಳ್ಳತೊಡಗಿತು. ಅದರ ಬ್ಯಾಟರಿ ಹತ್ತು ನಿಮಿಷದ್ದು. ಅಷ್ಟರೊಳಗೆ ಆಫ್ ಮಾಡದಿದ್ದರೆ ಒಳಗಿರುವ ಹನ್ನೆರಡು ಮದುವೆ ಕಾಗದಕ್ಕೂ ಸಂಚಕಾರ. ಮಾಲೀಕನ ಮಾತನ್ನು ಪಕ್ಕಕ್ಕಿಟ್ಟು ಅವಳು ತನ್ನ ಕೆಲಸವನ್ನೆಲ್ಲ ಉಳಿಸಿ, ಮುಚ್ಚಿ, ಆಫ್ ಮಾಡಲು ಒತ್ತಿದಳು. ಕಂಪ್ಯೂಟರ್ ಆಫ್ ಆಗಲಿಲ್ಲ. ಖಾಲಿ ಪರದೆಯ ನಡುವೆ ಒಂದು ಚೌಕ ಎದ್ದು ನಿಂತು, ಹೆಸರಿಡದ ಪುಟವೊಂದು ಇದೆ, ಉಳಿಸಬೇಕೋ ಬೇಡವೋ ಎಂದು ಕೇಳಿತು.

ಅವಳದು ಯಾವುದೂ ತೆರೆದಿರಲಿಲ್ಲ. ಹಾಗಾದರೆ ಇದು ಯಾರದು?

ಅವಳು ಎರಡೂ ಬೇಡವೆಂದು ಚೌಕವನ್ನು ಮುಚ್ಚಿ, ಗಡಿಯಾರದ ಪಕ್ಕದ ಚಿತ್ರ ಒತ್ತಿದಳು. ಗುಟ್ಟಿನ ಪದ ಕೇಳಿತು. ಷಣ್ಮುಖಪ್ಪನ ಗುಟ್ಟು ಎಷ್ಟು ಆಳದ್ದು ಎಂದು ಅವಳಿಗೆ ಗೊತ್ತಿತ್ತು. ಮನೆಯ ಫೋನಿನ ಲಾಕಿಗೂ ಸೂಟ್‌ಕೇಸಿಗೂ ಅವನದು ಒಂದೇ ನಂಬರು, ಹೊರಗೆ ನಿಂತ ಅವನ ಸ್ಕೂಟರಿನ ಬೆನ್ನ ಮೇಲೆ ಊರಿಗೆಲ್ಲ ಕಾಣುವಂತೆ ಬರೆದದ್ದು. ಅವಳು ಆ ನಾಲ್ಕು ಅಂಕಿ ಒತ್ತಿದಳು.

ಪುಟ ಎದ್ದು ಬಂತು.

'ಮತದಾರರೇ ಯೋಚಿಸಿ!!! ಗಂಡ ಸತ್ತು ಹನ್ನೆರಡು ವರ್ಷವಾದ ಚಿಕ್ಕಬೀರಮ್ಮ ಬ್ಯಾರನ್ನಿಗೆ ಬೆಂಕಿ ಹಾಕುವ ನೆಪದಲ್ಲಿ ರಾತ್ರಿಯೆಲ್ಲ ಯಾರ ಜೊತೆ ಇರುತ್ತಿದ್ದಳು!!! ಅವಳ ಮಗಳು ದಿನಾ ಪಟ್ಟಣದಲ್ಲಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಗಂಡಸಿನ ಪಕ್ಕ ಕೂತು ಏನು ಮಾಡುತ್ತಾಳೆ!!! ಇಂಥವರು ನಿಮ್ಮ ಪಂಚಾಯಿತಿಗೆ ಬೇಕೆ!!!'

ಇನ್ನೂ ಇತ್ತು. ಬರೆಯಲು ಈ ಕೈ ಬರುವುದಿಲ್ಲ.

ಪವಿತ್ರಾ ಎರಡು ಸಲ ಓದಿದಳು. ಆ ಮೂರು ಮೂರು ಆಶ್ಚರ್ಯಸೂಚಕ ಯಾರವೆಂದು ಯಾರೂ ಹೇಳಬೇಕಾಗಿರಲಿಲ್ಲ. ಉಳಿಸಿದರೆ ಹೆಸರು ಬೀಳುತ್ತದೆ, ಹೆಸರು ಬಿದ್ದರೆ ಸಿಕ್ಕಿಬೀಳುತ್ತೇನೆ ಎಂದು ಉಳಿಸದೇ ಬಚ್ಚಿಟ್ಟಿದ್ದಾನೆ. ಅದಕ್ಕೇ ಆಫ್ ಮಾಡಬೇಡ ಎಂದದ್ದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ! ಅಪ್ಪ ಸತ್ತ ವರ್ಷ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯಲ್ಲಿ ಹೆಂಗಸಿನ ಜೊತೆ ಬೆಂಕಿ ಕಾಯಲು ಊರಿನ ಒಬ್ಬ ಗಂಡಸೂ ಬರಲಿಲ್ಲ. ಅವ್ವ ಒಬ್ಬಳೇ ಕೂತು ಸೌದೆ ಒಟ್ಟಿ ಹೊಗೆಸೊಪ್ಪು ಬೇಯಿಸಿದಳು, ಅದರಲ್ಲೇ ಮಗಳನ್ನು ಓದಿಸಿದಳು. ಮತ್ತೆ ಆ ಬಾಗಿಲು ಮುಚ್ಚಿದ ಕೋಣೆ? ಪವಿತ್ರಾಳ ಪಕ್ಕ ಕೂತ ಗಂಡಸು ಯಾರು? ಐದು ವರ್ಷದಿಂದ ಆ ಕುರ್ಚಿಯಲ್ಲಿ ಕೂತಿದ್ದವನು ಷಣ್ಮುಖಪ್ಪ ಒಬ್ಬನೇ! ಅವಳನ್ನು ಮಗಳ ಸಮಾನ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನೇ ತನ್ನ ಪಕ್ಕದ ಕುರ್ಚಿಗೆ ಹೊಲಸು ಬಳಿದಿದ್ದ. ಥೂ, ಇವನ ಜನ್ಮಕ್ಕಿಷ್ಟು.

ಅಳಿಸಿ ಹಾಕಲೆಂದು ಬೆರಳು ಎತ್ತಿದಳು. ಅಳಿಸಿದರೆ ಏನಾಯಿತು? ಮತ್ತೆ ಒತ್ತುತ್ತಾನೆ, ಇಲ್ಲವೇ ಹುಣಸೂರಿಗೆ ಹೋಗಿ ಮಾಡಿಸುತ್ತಾರೆ. ಅಷ್ಟರಲ್ಲಿ ಕರೆಂಟು ಬಂತು, ಯುಪಿಎಸ್ಸು ಬಾಯಿ ಮುಚ್ಚಿತು. ಅವಳು ಒಂದೇ ಒಂದು ಪ್ರಿಂಟು ತೆಗೆದು ಮಡಿಸಿ ಊಟದ ಚೀಲಕ್ಕೆ ತುರುಕಿಕೊಂಡು, ಆ ಪುಟವನ್ನು ಮೊದಲಿದ್ದ ಹಾಗೆಯೇ ಅಡಗಿಸಿದಳು. ಷಣ್ಮುಖಪ್ಪ ಎಲೆ ಅಡಿಕೆ ಜಗಿಯುತ್ತ ಬಂದು, "ಕರೆಂಟ್ ಹೋಗಿತ್ತಾ? ಆಫ್ ಮಾಡಿಲ್ಲ ತಾನೆ?" ಎಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಬಾಯಿ ತೆರೆದಿದ್ದರೆ ಏನು ಬರುತ್ತಿತ್ತೋ ಅವಳಿಗೇ ಗೊತ್ತಿರಲಿಲ್ಲ.

ಚಿಕ್ಕಬೀರಮ್ಮನಿಗೆ ಓದಲು ಬರುತ್ತಿರಲಿಲ್ಲ, ಸಹಿ ಮಾತ್ರ ಬರುತ್ತಿತ್ತು. ಸಂಜೆ ಜಗಲಿಯ ಮೇಲೆ ಕೂತು ಮಗಳು ಆ ಕಾಗದವನ್ನು ಅವ್ವನಿಗೆ ಓದಿ ಹೇಳಬೇಕಾಯಿತು. ಹೆತ್ತವಳ ಮುಖ ನೋಡುತ್ತ ಅಂಥ ಮಾತು ಓದುವ ಹಣೆಬರಹ ಹಗೆಯವರಿಗೂ ಬೇಡ. ಎರಡು ಕಡೆ ಅವಳು ಹಾರಿಸಲು ನೋಡಿದಳು.

"ನುಂಗ್ಬ್ಯಾಡ ಕಣವ್ವ. ಇರಾದೆಲ್ಲ ಓದು," ಎಂದಳು ಚಿಕ್ಕಬೀರಮ್ಮ.

ಓದಿ ಮುಗಿಸಿದಾಗ ಅವಳು ಕಾಗದವನ್ನು ಕೈಗೆ ತೆಗೆದುಕೊಂಡು ಅದರ ಬುಡದಲ್ಲಿ ಬೆರಳಾಡಿಸಿದಳು.

"ನಂದು ಬುಡು. ಬ್ಯಾರನ್ ತಾವ ಯಾರಿದ್ರು, ಯಾರಿರ್ನಿಲ್ಲ ಅಂತ ಊರಿಗೇ ಗೊತ್ತು. ನಿನ್ ಎಸ್ರು ಎತ್ತವ್ರಲ್ಲ, ಅದ ನಾನು ಬುಡಾಕಿಲ್ಲ. ಕೆಳಗೆ ಯಾರ್ ಎಸ್ರು ಆಕವ್ರೆ?"

"ಯಾರ್ದೂ ಇಲ್ಲ ಕಣವ್ವ."

"ಅಂಗಾರೆ ಇದ ಊರೆಲ್ಲಾ ಆಡ್ದಂಗೆ ಆಯ್ತದೆ. ಒಬ್ಬ ಬೋಳೀಮಗ ಆಡಿದ್ದು ಊರ್ ಬಾಯಾಗೆ ಬಂದ್ಬುಡ್ತದೆ. ಆಡಿದ್ ಬಾಯಿ ಯಾವ್ದು ಅಂತ ಗೊತ್ತಾದ್ರೆ ಆ ಮಾತ್ಗೆ ಕಾಸಿನ್ ಕಿಮ್ಮತ್ತಿಲ್ಲ." ಅವಳು ಮಗಳ ಕಡೆ ತಿರುಗಿದಳು. "ನಿನ್ ಕೈಲಿ ಆಯ್ತದಾ, ಎಸ್ರು ಆಕಾಕೆ?"

"ಆಯ್ತದೆ. ಆದ್ರೆ ಇದು ಮನೆ ಮನೆಗೂ ಓಯ್ತದಲ್ಲವ್ವ..."

"ಓಗ್ಲಿ. ನೀ ಅರ್ದಾಕುದ್ರೂ ಓಯ್ತದೆ. ಓಗಾದು ಎಸ್ರು ಒತ್ಕಂಡು ಓಗ್ಲಿ."

ಬುಧವಾರ ಬೆಳಿಗ್ಗೆ ಮಾಲೀಕ ಬರುವ ಮೊದಲೇ ಪವಿತ್ರಾ ಸ್ಕೂಟರಿನ ನಂಬರು ಒತ್ತಿ ಆ ಪುಟವನ್ನು ಹೊರಗೆ ಕರೆದಳು. ಮೇಲಿನ ಹೊಲಸಿನಲ್ಲಿ ಒಂದು ಚುಕ್ಕೆಯನ್ನೂ ಮುಟ್ಟಲಿಲ್ಲ. ಪುಟದ ಬುಡದಲ್ಲಿ, ಎಲ್ಲ ಕರಪತ್ರದಲ್ಲೂ ಇರುವ ಜಾಗದಲ್ಲಿ, ಎಲ್ಲ ಕರಪತ್ರದಲ್ಲೂ ಇರುವ ಅಕ್ಷರದಲ್ಲಿ, ಒಂದು ಸಾಲು ಸೇರಿಸಿದಳು. 'ಪ್ರಕಾಶಕರು: ಕಂಠಪ್ಪ. ಮುದ್ರಕರು: ಕಾರ್ತಿಕೇಯ ಗ್ರಾಫಿಕ್ಸ್, ಪಿರಿಯಾಪಟ್ಟಣ. ಪ್ರತಿಗಳು: ಒಂದು ಸಾವಿರ.' ಪ್ರತಿಯ ಲೆಕ್ಕ ಅವಳ ಅಂದಾಜು. ಕಂಠಪ್ಪನದು ಮಾತ್ರ ಅಂದಾಜಲ್ಲ. ಸೋಮವಾರದಿಂದ ಅವನು ಮೂರು ಸಲ ಬಂದು ಮಾಲೀಕನ ಜೊತೆ ಗಾಜಿನ ಕೋಣೆಯಲ್ಲಿ ಕೂತಿದ್ದ. ಮೂರು ಸಲವೂ ಅವಳನ್ನು ಪೇಪರ್ ತರಲೆಂದೋ ಟೀ ಹೇಳಲೆಂದೋ ಆಚೆ ಕಳಿಸಿದ್ದರು.

ಷಣ್ಮುಖಪ್ಪನಿಗೆ ಆ ಸಾಲು ಕಾಣುವುದಿಲ್ಲವೇ? ಕಾಣುವುದಿಲ್ಲ. ಇಪ್ಪತ್ತು ವರ್ಷದಿಂದ ಅವನು ಕೆಳಗೆ ಸಾಲಿಲ್ಲದ ಕಾಗದ ನೋಡಿದವನೇ ಅಲ್ಲ. ಅದು ಇಲ್ಲದಿದ್ದರೆ ಕಣ್ಣಿಗೆ ಚುಚ್ಚುತ್ತದೆ, ಇದ್ದರೆ ಕಣ್ಣು ಅದರ ಮೇಲೆ ಹಾದು ಹೋಗುತ್ತದೆ. ಇದು ಪವಿತ್ರಾಳಿಗೆ ಗೊತ್ತಿತ್ತು, ಏಕೆಂದರೆ ಅವಳ ಕಣ್ಣೂ ಅಂಥದ್ದೇ.

ಮಧ್ಯಾಹ್ನ ಮಾಲೀಕ ತುಂಬ ಅಕ್ಕರೆಯಿಂದ ಹೇಳಿದ, "ನಾಳೆ, ನಾಳಿದ್ದು ರಜಾ ತಗೊಳಮ್ಮ. ಅಮ್ಮನ ಜೊತೆ ಪ್ರಚಾರ ಮಾಡು. ಪಾಪ, ಒಬ್ಬರೇ ಓಡಾಡ್ತಿದ್ದಾರೆ."

ಪಾಪ ಅಂತೆ! ಅವಳು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು "ಆಗಲಿ ಸಾರ್" ಎಂದಳು.

ಶುಕ್ರವಾರ ಬೆಳಿಗ್ಗೆ ಕೊಪ್ಪಲಿನ ಬಾಗಿಲು ಬಾಗಿಲಿಗೂ ಕರಪತ್ರ ಬಿದ್ದಿತ್ತು. ಕಂಠಪ್ಪ ಜಾಣ. ಕಟ್ಟನ್ನು ಅವನು ಕೈಯಲ್ಲೂ ಮುಟ್ಟಿರಲಿಲ್ಲ, ಬಿಚ್ಚಿಯೂ ನೋಡಿರಲಿಲ್ಲ. ಬೇರೆ ಊರಿನ ಆಟೋದಲ್ಲಿ ಬೇರೆ ಊರಿನವರೇ ತಂದು ಎಸೆದು ಹೋಗುವಂತೆ ಮಾಡಿದ್ದ. ಹಾಲು ಹಾಕುವ ಹೊತ್ತಿಗೆ ಡೈರಿಯ ಮುಂದೆ ಜನ ಸೇರಿತ್ತು. ಅಲ್ಲಿಗೆ ಬಿಳಿ ಪಂಚೆ ಉಟ್ಟು ಬಂದ ಕಂಠಪ್ಪ ಏನೂ ತಿಳಿಯದವನ ಹಾಗೆ ಹುಬ್ಬು ಗಂಟಿಕ್ಕಿದ. ಭಾಗ್ಯಮ್ಮ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಳು. ಅವಳಿಂದ ನಾಲ್ಕು ಜನದ ಹಿಂದೆ ಚಿಕ್ಕಬೀರಮ್ಮ, ಪಕ್ಕದಲ್ಲಿ ಪವಿತ್ರಾ.

"ಏನ್ರಲಾ ಅದು ಕಾಗ್ದ? ಯಾವನೋ ಏನೋ ಬರ್ದವ್ನಂತೆ. ಲೇ ಶಶಿ, ಓದ್ಲಾ ಜೋರಾಗಿ. ಎಲ್ರಿಗೂ ಕೇಳ್ಲಿ," ಎಂದ ಕಂಠಪ್ಪ.

ಶಶಿ ಡೈರಿಯ ಸೆಕ್ರೆಟರಿ, ಹಾಲಳೆಯುವವನು. ಓದು ಅಂದರೆ ಕಾಗದದಲ್ಲಿ ಇದ್ದದ್ದನ್ನೆಲ್ಲ ಓದುವ ಸ್ವಭಾವ. ಅವನು ಮೇಲಿನಿಂದ ಓದುತ್ತ ಹೋದ. ಹೆಂಗಸರು ತಲೆ ತಗ್ಗಿಸಿದರು. ಆ ಎರಡು ನಿಮಿಷ ತಾನು ಮಾಡಿದ್ದು ತಪ್ಪಾಯಿತೋ ಏನೋ, ಅವ್ವನನ್ನು ತಾನೇ ತಂದು ಬೀದಿಯಲ್ಲಿ ನಿಲ್ಲಿಸಿದೆನೋ ಏನೋ ಎಂದು ಪವಿತ್ರಾಳಿಗೆ ಅನ್ನಿಸಿತು. ಅವ್ವ ಮಾತ್ರ ತಲೆ ತಗ್ಗಿಸಲಿಲ್ಲ. ಹಾಲಿನ ಕ್ಯಾನನ್ನು ಸೊಂಟಕ್ಕೇರಿಸಿಕೊಂಡು ಶಶಿಯ ಬಾಯಿಯನ್ನೇ ನೋಡುತ್ತಿದ್ದಳು.

"ಥೂ ಥೂ, ಯಾರಪ್ಪಾ ಇಂಗೆಲ್ಲ ಬರ್ಯೋರು," ಎಂದು ಕಂಠಪ್ಪ ಲೊಚಗುಟ್ಟಿದ.

"ಎಸ್ರು ಐತೆ ಕಣಣ್ಣ," ಎಂದು ಶಶಿ ಅದೇ ದನಿಯಲ್ಲಿ ಮುಂದುವರಿಸಿದ. "ಪ್ರಕಾಶಕರು, ಕಂಠಪ್ಪ. ಮುದ್ರಕರು..."

ಮುಂದಿನದು ಯಾರಿಗೂ ಕೇಳಲಿಲ್ಲ. ಕಂಠಪ್ಪ ಹಾರಿ ಬಂದು ಕಾಗದ ಕಿತ್ತುಕೊಂಡ. ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ. ಅವನ ಬಾಯಿಂದ ಬಂದ ಮಾತನ್ನು ಆ ಊರು ಇವತ್ತಿಗೂ ಆಡಿಕೊಂಡು ನಗುತ್ತದೆ.

"ನಾನು ಎಸ್ರು ಆಕ್ಬ್ಯಾಡ ಅಂತ ಏಳಿದ್ದೆ ಕಣ್ರೀ!"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡದ್ದಷ್ಟೇ ಅಲ್ಲ, ಕುಂಬಳಕಾಯಿ ಎಲ್ಲಿಟ್ಟಿದ್ದೇನೆ ಎಂದೂ ಹೇಳಿದಂತಾಯಿತು. ಯಾರೂ ನಗಲಿಲ್ಲ ಆಗ. ಚಿಕ್ಕಬೀರಮ್ಮ ಸಾಲು ಬಿಟ್ಟು ಮುಂದೆ ಬಂದಳು.

"ಕಂಠಪ್ಪಣ್ಣ, ಬ್ಯಾರನ್ ತಾವ ನಾನೊಬ್ಳೇ ಇದ್ದೆ. ನೀ ಬಂದು ನೋಡಿದ್ರೆ ಅವತ್ತೇ ಕೇಳ್ಬೇಕಾಗಿತ್ತು. ಸೌದೆ ಒಟ್ಟಾಕೆ ಒಂದ್ ಕೈ ಬೇಕಾಗಿತ್ತು ನಂಗೆ."

ಕಂಠಪ್ಪ ಹೆಂಡತಿಯ ಕಡೆ ನೋಡಿದ. ಭಾಗ್ಯಮ್ಮ ತನ್ನ ಹಾಲು ಅಳೆಸಿ, ಖಾಲಿ ಕ್ಯಾನು ಎತ್ತಿಕೊಂಡಿದ್ದಳು.

"ನನ್ ಎಸ್ರಲ್ಲಿ ಇದಾ ನೀವು ಮಾಡಾದು?" ಎಂದಳು. "ಇವತ್ತಿಂದ ಓಟು ನೀವೇ ಕೇಳ್ಕಳಿ. ನಾ ಒಂದ್ ಮನೆ ಬಾಗ್ಲಿಗೂ ಬರಾಕಿಲ್ಲ."

ಇಷ್ಟಕ್ಕೆ ಪವಿತ್ರಾಳ ಸಿಟ್ಟು ಇಳಿಯಿತೆಂದುಕೊಂಡರೆ ತಪ್ಪು. ಕಂಠಪ್ಪ ಹೇಗೂ ಎದುರಾಳಿ. ಎದುರಾಳಿಯಿಂದ ಪೆಟ್ಟು ಬಿದ್ದರೆ ಆಶ್ಚರ್ಯವಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತವನ ಲೆಕ್ಕ ಇನ್ನೂ ಬಾಕಿ ಇತ್ತು. ರಜಾ ಇದ್ದರೂ ಅವಳು ಹತ್ತು ಗಂಟೆಯ ಬಸ್ಸು ಹತ್ತಿದಳು.

ಅವಳು ಗಾಜಿನ ಬಾಗಿಲು ತಳ್ಳಿದಾಗ ಷಣ್ಮುಖಪ್ಪ ಕಂಪ್ಯೂಟರಿನ ಮುಂದೆ ಕೂತಿದ್ದ. ಅವಳನ್ನು ಕಂಡದ್ದೇ ಅವನ ಬೆರಳು ಆ ಕೀಲಿಯ ಮೇಲೆ ಬಿತ್ತು. ಪರದೆ ಖಾಲಿಯಾಗಿ, ಹಿಂದಿದ್ದ ಸುಬ್ರಹ್ಮಣ್ಯ ಸ್ವಾಮಿಯ ಚಿತ್ರ ಮಾತ್ರ ಉಳಿಯಿತು.

"ಉಂಡ ಮನೆಗೆ ಎರಡು ಬಗೆದೆಯಲ್ಲಮ್ಮ!" ಎಂದು ಅವನು ಎದ್ದು ಕೂಗಿದ. "ಕಂಠಪ್ಪ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದ. ನನ್ ಹೆಂಡ್ತಿ ಆ ಕಾಗ್ದ ಹಿಡ್ಕೊಂಡು, ಬಾಗಿಲು ಮುಚ್ಚಿದ ಕೋಣೇಲಿ ಕೂರೋ ಗಂಡ್ಸು ಯಾರು ಅಂತ ಕೇಳ್ತಾಳೆ. ಏನು ಹೇಳ್ಲಿ ನಾನು?"

"ನಿಜ ಹೇಳಿ ಸಾರ್. ನೀವೇ ಅಂತ ಹೇಳಿ," ಎಂದಳು ಪವಿತ್ರಾ. "ಐದು ವರ್ಷ ನಿಮ್ಮ ಪಕ್ಕ ಕೂತಿದ್ದೀನಿ. ಮಗಳು ಮಗಳು ಅಂತಿದ್ರಿ. ಮಗಳ ಮೇಲೆ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಬರೆಯುವಾಗ ನಿಮ್ಮ ಬೆರಳು ಒಂದ್ಸಲಾನೂ ನಿಲ್ಲಲಿಲ್ವಾ?"

"ವ್ಯಾಪಾರ ಕಣಮ್ಮ. ಗಿರಾಕಿ ಕೇಳಿದ, ಮಾಡಿದೆ. ಅವನು ಹೇಳಿದ್ದು, ನಾನು ಒತ್ತಿದ್ದು, ಅಷ್ಟೇ. ನೀನು ಹೆಸರು ಹಾಕಿದ್ದು ಮೋಸ ಅಲ್ವಾ?"

"ಹೆಸರಿಲ್ಲದ ಕಾಗದ, ಅಪ್ಪ ಇಲ್ಲದ ಕೂಸು. ಯಾರು ಹೇಳಿಕೊಟ್ಟದ್ದು ಸಾರ್?"

ಹಿಂದುಗಡೆ ಮೆಷಿನ್ನಿನ ಸದ್ದು ನಿಂತಿತು. ಕುಳ್ಳಯ್ಯ ಕೈಯ ಶಾಯಿ ಒರೆಸುತ್ತ ಬಾಗಿಲಿಗೆ ಬಂದು ನಿಂತಿದ್ದ.

"ನಾನು ಓದಿದ್ದೆ ಕಣವ್ವ, ಮೊದಲ್ನೇ ಪ್ರತೀನೇ," ಎಂದ ಅವನು. "ಮೇಲಿಂದು ಓದಿ ಕೈ ಬರ್ನಿಲ್ಲ. ಕೆಳಗಿನ್ ಸಾಲು ನೋಡ್ದೆ, ಆಮ್ಯಾಕೆ ಓಡಿಸ್ದೆ."

ಮಾಲೀಕ ಅವನ ಕಡೆ ತಿರುಗಿ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಪವಿತ್ರಾ ತನ್ನ ಕುರ್ಚಿಯಲ್ಲಿ ಕೂತಾಗಿತ್ತು. ಗಡಿಯಾರದ ಪಕ್ಕದ ಚಿತ್ರ ಒತ್ತಿ ಸ್ಕೂಟರಿನ ನಂಬರು ಹಾಕಿದಳು. ಅವನು ಅದನ್ನು ಬದಲಾಯಿಸಿರಲಿಲ್ಲ. ಬದಲಾಯಿಸುವುದು ಹೇಗೆಂದು ಅವಳು ಕಲಿಸಿರಲಿಲ್ಲ. ಬಚ್ಚಿಟ್ಟ ಪುಟ ಎದ್ದು ಬಂತು.

'ಸ್ಪಷ್ಟನೆ!!! ಶುಕ್ರವಾರದ ಕರಪತ್ರಕ್ಕೂ ಕಂಠಪ್ಪನವರಿಗೂ ಯಾವ ಸಂಬಂಧವೂ ಇಲ್ಲ!!! ಅದು ಚಿಕ್ಕಬೀರಮ್ಮನ ಮಗಳೇ ತನ್ನ ತಾಯಿಗೆ ಅನುಕಂಪದ ಓಟು ಬರಲೆಂದು'

ಅಲ್ಲಿಗೆ ನಿಂತಿತ್ತು. ಮುಂದಿನ ಅಕ್ಷರ ಹುಡುಕುತ್ತಿರುವಾಗಲೇ ಅವಳು ಬಾಗಿಲು ತಳ್ಳಿದ್ದಳು.

ಅವಳು ಅದನ್ನು ಅಳಿಸಲಿಲ್ಲ. ಕೂಗಾಡಲಿಲ್ಲ. ಹತ್ತು ಬೆರಳೂ ಇಟ್ಟು, ಪುಟದ ಬುಡಕ್ಕೆ ಹೋಗಿ, ಕಣ್ಣು ಮಿಟುಕಿಸುವುದರೊಳಗೆ ಒತ್ತಿದಳು. 'ಬರೆದವರು: ಷಣ್ಮುಖಪ್ಪ. ಬರೆಸಿದವರು: ಕಂಠಪ್ಪ.' ಆಮೇಲೆ ಆ ಪುಟಕ್ಕೆ 'ಷಣ್ಮುಖಪ್ಪ' ಎಂದೇ ಹೆಸರು ಕೊಟ್ಟು ಉಳಿಸಿದಳು. ಎರಡು ಪ್ರತಿ ಪ್ರಿಂಟು ತೆಗೆದು ಒಂದನ್ನು ಕುಳ್ಳಯ್ಯನ ಕೈಗೆ ಕೊಟ್ಟಳು, ಇನ್ನೊಂದನ್ನು ತಹಸೀಲ್ದಾರರ ಆಫೀಸಿಗೆಂದು ಚೀಲಕ್ಕೆ ಹಾಕಿಕೊಂಡಳು. ಕೊನೆಗೆ, ತಾನೇ ತಂದು ಹಾಕಿದ್ದ ಆ ಅಡಗಿಸುವ ಸಾಫ್ಟ್‌ವೇರನ್ನು ಬೇರುಸಹಿತ ಕಿತ್ತು ಹಾಕಿದಳು.

"ಕೆಳಗಿನ ಸಾಲು ಮರೆತಿದ್ರಿ ಸಾರ್," ಎಂದಳು, ಎದ್ದು ನಿಂತು. "ಹಾಕಿದ್ದೀನಿ."

ಷಣ್ಮುಖಪ್ಪ ಪರದೆಯ ಮುಂದೆ ಕುಸಿದು ಕೂತು ಆ ಹಳೆಯ ಕೀಲಿಯನ್ನು ಒತ್ತಿದ. ಇನ್ನೊಮ್ಮೆ ಒತ್ತಿದ. ಪುಟ ಹೋಗಲಿಲ್ಲ. ಪವಿತ್ರಾ ಗಾಜಿನ ಬಾಗಿಲನ್ನು ಪೂರ್ತಿ ತೆರೆದು, ಮುಚ್ಚಿಕೊಳ್ಳದಂತೆ ಅದರ ಬುಡಕ್ಕೆ ಪೇಪರಿನ ಕಟ್ಟೊಂದನ್ನು ಎಳೆದಿಟ್ಟು, ಬೀದಿಗಿಳಿದು ನಡೆದಳು.